ಹಾರುವ ಡಬ್ಬಿ, ತುಂಬಿದ ಹಳ್ಳ

ಹೋದ ಬೇಸಿಗೆಯ ಪಿಕ್ನಿಕ್ಕಿಗೆ ಬಂದವರಿಗೆ ನೆನಪಿರಬಹುದು. ಬಿಸಿಬೇಳೆಬಾತಿನ ಪಾತ್ರೆಗಳು ಕಾರಿನಿಂದ ಇಳಿಯುವ ಮೊದಲೇ ನಮ್ಮ ಹುಡುಗನೊಬ್ಬ ಚೀಲದಿಂದ ಡ್ರೋನ್ ತೆಗೆದು, "ಎಲ್ಲರೂ ಒಟ್ಟಿಗೆ ನಿಲ್ಲಿ ಅಂಕಲ್, ಮೇಲಿಂದ ಫೋಟೋ ತೆಗೀತೀನಿ" ಎಂದ. ಹೆಂಗಸರು ಸೆರಗು ಸರಿಮಾಡಿಕೊಂಡರು, ಗಂಡಸರು ಹೊಟ್ಟೆ ಒಳಗೆಳೆದುಕೊಂಡರು. ಅಷ್ಟರಲ್ಲಿ ಹುಡುಗ ಫೋನು ನೋಡಿ ಮುಖ ಸಪ್ಪಗೆ ಮಾಡಿಕೊಂಡ. ನಕ್ಷೆಯಲ್ಲಿ ನಾವು ನಿಂತ ಜಾಗ ಪೂರ್ತಿ ಕೆಂಪಾಗಿತ್ತು. ಇಲ್ಲಿ ಹಾರಿಸುವಂತಿಲ್ಲ!

2001ರ ಸೆಪ್ಟೆಂಬರ್ ಘಟನೆಯ ನಂತರ ವಾಷಿಂಗ್ಟನ್ನಿನ ಆಕಾಶಕ್ಕೆ ಬೀಗ ಬಿದ್ದಿದೆ. ರೇಗನ್ ವಿಮಾನ ನಿಲ್ದಾಣವನ್ನು ನಡುವಿಟ್ಟು ಎಳೆದ 15 ಮೈಲಿಯ ವೃತ್ತದೊಳಗೆ ವಿಶೇಷ ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು ನಿಷಿದ್ಧ. ಅದರಾಚೆ 30 ಮೈಲಿಯವರೆಗೂ ಕಟ್ಟುಪಾಡುಗಳಿವೆ. ದೇಶದ ಆಕಾಶಕ್ಕೆಲ್ಲ ಕಾನೂನು ಮಾಡುವ ಎಫ್.ಎ.ಎ. ಕಚೇರಿಯೂ ಇದೇ ವೃತ್ತದೊಳಗಿದೆ. ದೀಪದ ಬುಡದಲ್ಲೇ ಕತ್ತಲೆ ಎಂದು ನಕ್ಕು ನಾವೆಲ್ಲ ಊಟಕ್ಕೆ ಕುಳಿತೆವು.

ಊಟದ ಮೇಲೆ ಮಾತು ಮುಂದುವರಿಯಿತು. ಷಾರ್ಲಟ್ಟಿನಿಂದ ಬಂದಿದ್ದ ಸ್ನೇಹಿತರು ತಮ್ಮ ಊರಿನ ಕಡೆ ಡ್ರೋನುಗಳು ಔಷಧಿ ಹೊತ್ತೊಯ್ದದ್ದನ್ನು ಹೇಳಿದರು. ಅಟ್ಲಾಂಟದವರು, "ನಮ್ಮಲ್ಲಿಗೂ ಬರುತ್ತೆ ಬಿಡಿ, ಕೊತ್ತಂಬರಿ ಸೊಪ್ಪು ಮನೆ ಅಂಗಳಕ್ಕೇ ಇಳಿಯುತ್ತೆ" ಎಂದರು. ಎಲ್ಲರೂ ನಗುತ್ತಿದ್ದಾಗ ನಮ್ಮ ಮನಸ್ಸು ಮಾತ್ರ 1992ರ ಒಂದು ಮಳೆಗಾಲದ ರಾತ್ರಿಗೆ ಹೋಗಿತ್ತು.

ಆಗ ನಾವು ಮೂವರು ಹೌಸ್ ಸರ್ಜನ್ನರು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆವು. ಸಂಜೆ ಎರಡನೆಯ ಹೆರಿಗೆಯಾದ ಹೆಣ್ಣುಮಗಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ಗೊತ್ತಿದ್ದುದನ್ನೆಲ್ಲ ಮಾಡಿದೆವು. ಬೇಕಾಗಿದ್ದುದು ಎರಡು ಬಾಟಲಿ ರಕ್ತ. ರಕ್ತನಿಧಿ ಇದ್ದುದು ಜಿಲ್ಲಾ ಕೇಂದ್ರದಲ್ಲಿ, ಸುಮಾರು ಐವತ್ತು ಕಿಲೋಮೀಟರು ದೂರ. ಜೀಪು ಹೋಯಿತು, ರಕ್ತವೂ ಸಿಕ್ಕಿತು. ಹಿಂತಿರುಗುವಾಗ ದಾರಿಯಲ್ಲಿ ಹಳ್ಳ ಉಕ್ಕಿ ಸೇತುವೆಯ ಮೇಲೆ ನೀರು. ಗಂಡ ಐಸ್ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಚೆ ದಡದಲ್ಲಿ ಕುಳಿತೇ ಇದ್ದ. ಈಚೆಗೆ ಆಕೆಯ ಅತ್ತೆ ಗಳಿಗೆಗೊಮ್ಮೆ ಬಾಗಿಲಿಗೆ ಬಂದು "ಬಂತಾ ಡಾಕ್ಟ್ರೇ?" ಎನ್ನುತ್ತಿದ್ದರು. ಜೀಪು ಬಂದಾಗ ಬೆಳಗಿನ ಐದು ಗಂಟೆ. ಆಕೆ ಹೋಗಿ ಒಂದೂವರೆ ಗಂಟೆಯಾಗಿತ್ತು. ಆ ರಾತ್ರಿ ಯಾರ ತಪ್ಪೂ ಇರಲಿಲ್ಲ. ತಪ್ಪು ಹೊರಿಸಲು ಯಾರೂ ಇಲ್ಲದ ಸಾವು ಇನ್ನೂ ಹೆಚ್ಚು ಕಾಡುತ್ತದೆ ಎಂಬುದು ನಮ್ಮ ಅನುಭವ.

ಆದ್ದರಿಂದ ಈ ಹಾರುವ ಡಬ್ಬಿಗಳ ಬಗ್ಗೆ ಓದುವುದು ನಮಗೊಂದು ಚಟವೇ ಆಗಿದೆ. ಓದುತ್ತಾ ಹೋದಂತೆ, ನಾವು ನೆಲೆಸಿರುವ ಈ ಸೀಮೆಗೂ ಇದಕ್ಕೂ ಎಷ್ಟು ನಂಟಿದೆ ಎಂದು ಆಶ್ಚರ್ಯವಾಯಿತು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು 12 ಸೆಕೆಂಡು ಹಾರಿದ್ದು ಉತ್ತರ ಕೆರೊಲಿನಾದ ಕಿಟ್ಟಿ ಹಾಕ್ ಬಳಿಯ ಮರಳಿನ ಮೇಲೆ. 1909ರಲ್ಲಿ ವಿಲ್ಬರ್ ರೈಟ್ ಸೈನ್ಯಾಧಿಕಾರಿಗಳಿಗೆ ವಿಮಾನ ನಡೆಸುವುದನ್ನು ಕಲಿಸಿದ್ದು ನಮ್ಮ ಪಕ್ಕದ ಕಾಲೇಜ್ ಪಾರ್ಕಿನಲ್ಲಿ.

ಡ್ರೋನಿನ ಕಥೆಯೂ ಇಲ್ಲೇ ಸುತ್ತುತ್ತದೆ. 2013ರ ಕೊನೆಗೆ ಎಫ್.ಎ.ಎ. ಆರಿಸಿದ ಆರು ಪರೀಕ್ಷಾ ಕೇಂದ್ರಗಳಲ್ಲಿ ಒಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪಾಲಿಗೆ ಬಂತು. 2015ರ ಜುಲೈ 17ರಂದು ಅದೇ ರಾಜ್ಯದ ಗುಡ್ಡಗಾಡಾದ ವೈಸ್ ಕೌಂಟಿಯ ಉಚಿತ ಆರೋಗ್ಯ ಶಿಬಿರಕ್ಕೆ ಡ್ರೋನ್ ಔಷಧಿ ತಲುಪಿಸಿತು. ಸರ್ಕಾರದ ಒಪ್ಪಿಗೆ ಪಡೆದ ಅಂಥ ಮೊದಲ ಹಾರಾಟ ಅದು. 2019ರ ಮಾರ್ಚಿನಲ್ಲಿ ರಾಲೆಯ ವೇಕ್‌ಮೆಡ್ ಆಸ್ಪತ್ರೆಯಲ್ಲಿ ಯು.ಪಿ.ಎಸ್. ಮತ್ತು ಮ್ಯಾಟರ್ನೆಟ್ ಕಂಪನಿಗಳು ರಕ್ತದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಹಾರಿಸತೊಡಗಿದವು. ಆ ಡ್ರೋನು ಹೊರುವುದು 5 ಪೌಂಡು. ನಮ್ಮ ಕೆಲಸಕ್ಕೆ ಅಷ್ಟು ಧಾರಾಳ. ಅದೇ ಏಪ್ರಿಲ್ 19ರಂದು ಬಾಲ್ಟಿಮೋರಿನಲ್ಲಿ ಒಂದು ಮೂತ್ರಪಿಂಡ 2.8 ಮೈಲಿ ಹಾರಿ ಬಂದು 44 ವರ್ಷದ ಮಹಿಳೆಯೊಬ್ಬರಿಗೆ ಕಸಿಯಾಯಿತು. 2020ರ ಮೇ ತಿಂಗಳಲ್ಲಿ, ಕೋವಿಡ್ ಕಾಲದಲ್ಲಿ, ಜಿಪ್‌ಲೈನ್ ಕಂಪನಿ ಷಾರ್ಲಟ್ ಹತ್ತಿರದ ಕನ್ನಾಪೊಲಿಸ್‌ನಿಂದ (ಹೆಸರು ಕೇಳಿ ಕನ್ನಡದ ಊರೆಂದುಕೊಳ್ಳಬೇಡಿ) ನೋವಾಂಟ್ ಆಸ್ಪತ್ರೆಗೆ ಮಾಸ್ಕು, ಕೈಗವಸುಗಳನ್ನು ಕಳಿಸಿತು.

ಇಲ್ಲೇ ಏಕೆ? ನಮ್ಮ ತಿಳಿವಳಿಕೆಗೆ ಕಂಡ ಕಾರಣಗಳು ಮೂರು. ಮೊದಲನೆಯದು ಸರ್ಕಾರದ ಆಸಕ್ತಿ. ಉತ್ತರ ಕೆರೊಲಿನಾದಲ್ಲಿ ರಾಜ್ಯದ ಸಾರಿಗೆ ಇಲಾಖೆಯೇ ಮುಂದೆ ನಿಂತು 2018ರಲ್ಲಿ ಎಫ್.ಎ.ಎ.ಯ ಪ್ರಾಯೋಗಿಕ ಯೋಜನೆಗೆ ಸೇರಿತು. ಎರಡನೆಯದು, ವಿಶ್ವವಿದ್ಯಾಲಯ ಮತ್ತು ದೊಡ್ಡ ಆಸ್ಪತ್ರೆಗಳು ಒಂದಕ್ಕೊಂದು ಹತ್ತಿರದಲ್ಲಿರುವುದು. ಮೂರನೆಯದು ಮೇಲುನೋಟಕ್ಕೆ ಅನನುಕೂಲದಂತೆ ಕಾಣುತ್ತದೆ. ಇಲ್ಲಿ ಒಂದೇ ದಿನದ ಕಾರು ಪ್ರಯಾಣದಲ್ಲಿ ಸಮುದ್ರದ ಗಾಳಿಯಿದೆ, ಅಪಲೇಚಿಯನ್ ಬೆಟ್ಟದ ಮಂಜಿದೆ, ಬೇಸಿಗೆಯ ಗುಡುಗು ಮಳೆಯಿದೆ, ಅಟ್ಲಾಂಟದಂಥ ಜಗತ್ತಿನ ಅತಿ ಗಿಜಿಗುಟ್ಟುವ ವಿಮಾನ ನಿಲ್ದಾಣವಿದೆ, ವಾಷಿಂಗ್ಟನ್ನಿನಂಥ ಬೀಗ ಹಾಕಿದ ಆಕಾಶವೂ ಇದೆ. ಇವನ್ನೆಲ್ಲ ಒಂದು ಯಂತ್ರ ದಾಟಬಲ್ಲುದಾದರೆ ಅದನ್ನು ನಂಬಬಹುದು. ಬಿಸಿಲಿನ ದಿನ ಬಯಲಿನಲ್ಲಿ ಹಾರಿದ್ದು ಪ್ರದರ್ಶನ, ಪರೀಕ್ಷೆಯಲ್ಲ. ಹೊಸ ಔಷಧಿಯನ್ನು ಬರೀ ಆರೋಗ್ಯವಂತರಿಗೆ ಕೊಟ್ಟು ಗುಣವಾಯಿತು ಎಂದರೆ ನಾವು ವೈದ್ಯರು ಒಪ್ಪುತ್ತೇವೆಯೆ?

2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಪಶ್ಚಿಮ ಕೆರೊಲಿನಾದ ರಸ್ತೆಗಳನ್ನು ಕೊಚ್ಚಿಕೊಂಡು ಹೋದಾಗ ಇದೇ ಮಾತು ನೆನಪಾಯಿತು. ಇಷ್ಟು ಮುಂದುವರಿದ ದೇಶದಲ್ಲೂ ಆಗ ಕೆಲವು ಬೆಟ್ಟದ ಊರುಗಳಿಗೆ ಸಾಮಾನು ಹೊತ್ತು ನಡೆದದ್ದು ಹೇಸರಗತ್ತೆಗಳು!

ಇನ್ನೊಂದು ಸಂಗತಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ರಕ್ತ, ಮೂತ್ರಪಿಂಡಗಳ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಆದರೆ ಕಂಪನಿಗಳ ಅನ್ನ ಹುಟ್ಟುವುದು ಕಾಫಿ, ಬರ್ಗರು, ಮೊಟ್ಟೆಗಳಲ್ಲಿ. 2025ರಲ್ಲಿ ವಾಲ್‌ಮಾರ್ಟ್ ಮತ್ತು ವಿಂಗ್ ಕಂಪನಿಗಳು ಅಟ್ಲಾಂಟ, ಷಾರ್ಲಟ್ ಊರುಗಳ ಹೆಸರು ಹೇಳಿದ್ದು ಅಂಗಡಿ ಸಾಮಾನು ತಲುಪಿಸುವುದಕ್ಕೆ. ತಪ್ಪೇನಿಲ್ಲ, ಕಾಫಿಯ ಲಾಭದಲ್ಲಿ ರಕ್ತವೂ ಹಾರಲಿ. ಆದರೆ ಲಾಭವಿಲ್ಲದ ಹಳ್ಳಿಗೆ ಯಾರು ಹಾರುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ. 2016ರಿಂದ ಡ್ರೋನಿನಲ್ಲಿ ರಕ್ತ ಸಾಗಿಸುತ್ತಿರುವ ರುವಾಂಡ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿ ಸರ್ಕಾರವೇ ಗಿರಾಕಿ. ಅವಧಿ ಮೀರಿ ಹಾಳಾಗುವ ರಕ್ತ ಅಲ್ಲಿ ಶೇಕಡಾ 67ರಷ್ಟು ತಗ್ಗಿತೆಂದು 2022ರ ಒಂದು ಅಧ್ಯಯನ ಹೇಳಿತು.

ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. 2021ರ ಜೂನಿನಲ್ಲಿ ಗೌರಿಬಿದನೂರಿನ ಬಳಿ ಔಷಧಿ ಸಾಗಿಸುವ ಡ್ರೋನುಗಳ ಪರೀಕ್ಷೆ ನಡೆಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯ ಎಂಟು ರೆಕ್ಕೆಯ ಡ್ರೋನು ಚಂದಾಪುರದಿಂದ ಹಾರಗದ್ದೆಯ ಆರೋಗ್ಯ ಕೇಂದ್ರಕ್ಕೆ 50 ಸೀಸೆ ಕೋವಿಡ್ ಲಸಿಕೆಯನ್ನು ಸುಮಾರು 10 ನಿಮಿಷದಲ್ಲಿ ಮುಟ್ಟಿಸಿತು. ರಸ್ತೆಯಲ್ಲಿ ಅದು ಅರ್ಧ ಗಂಟೆಗೂ ಮೀರಿದ ದಾರಿ. ರಕ್ಷಣಾ ಇಲಾಖೆಯ ದೊಡ್ಡ ಡ್ರೋನುಗಳಿಗಾಗಿ ಚಳ್ಳಕೆರೆಯಲ್ಲಿ 2017ರಲ್ಲಿ ಪರೀಕ್ಷಾ ವಲಯವೇ ಉದ್ಘಾಟನೆಯಾಯಿತು. ಅನುಕೂಲವೇನೋ ದೊಡ್ಡದು: ಮಳೆ ಕಡಿಮೆ, ಬಯಲು ವಿಶಾಲ. ಆದರೆ ಆ ಬಯಲು ಖಾಲಿಯಾಗಿರಲಿಲ್ಲ. ಅದು ಅಮೃತಮಹಲ್ ಕಾವಲು, ತಲೆಮಾರುಗಳಿಂದ ದನ ಕುರಿ ಮೇಯಿಸಿದವರ ಹುಲ್ಲುಗಾವಲು. ಅವರು ನ್ಯಾಯಮಂಡಳಿಯ ಬಾಗಿಲಿಗೂ ಹೋಗಬೇಕಾಯಿತು. ಯಾವ ಸೀಮೆಯ 'ಅನುಕೂಲ'ದ ಪಟ್ಟಿ ಬರೆಯುವಾಗಲೂ ಕೆಳಗೆ ಯಾರಿದ್ದಾರೆ ಎಂದು ಒಮ್ಮೆ ಬಗ್ಗಿ ನೋಡಬೇಕು.

ಕೊನೆಗೆ ಆ ರಾತ್ರಿಯ ಮಾತು. ಡ್ರೋನು ಇದ್ದಿದ್ದರೆ ಆಕೆ ಉಳಿಯುತ್ತಿದ್ದಳೆ? ಮನಸ್ಸು ಹೌದೆನ್ನುತ್ತದೆ. ಆದರೆ ಅಂಥ ಮಳೆ ಗಾಳಿಯಲ್ಲಿ ಇಂದಿನ ಸಣ್ಣ ಡ್ರೋನೂ ಹಾರುವುದು ಅನುಮಾನವೇ. ಹಳ್ಳ ತುಂಬುವ ರಾತ್ರಿಯೇ ಅದು ಬೇಕು, ಹಳ್ಳ ತುಂಬುವ ರಾತ್ರಿಯೇ ಅದಕ್ಕೆ ಕಷ್ಟ. ಆದ್ದರಿಂದ ಈ ಉದ್ಯಮದಲ್ಲಿರುವ ನಮ್ಮ ಕೂಟದ ತರುಣ ತರುಣಿಯರಲ್ಲಿ ಒಂದು ಕೋರಿಕೆ. ನಿಮ್ಮ ಯಂತ್ರವನ್ನು ಕೆರೊಲಿನಾದ ಬಿರುಮಳೆಯಲ್ಲಿ ಪಳಗಿಸಿ, ಆಮೇಲೆ ಒಂದು ಆಷಾಢದಲ್ಲಿ ಆಗುಂಬೆಗೆ ಒಯ್ಯಿರಿ. ಅಲ್ಲಿ ಹಾರಿದರೆ ಎಲ್ಲಿಯೂ ಹಾರುತ್ತದೆ.

ಉಳಿದ ನಮ್ಮಂಥವರಿಗೂ ಕೆಲಸವಿದೆ. ಡಬ್ಬಿ ಎಷ್ಟೇ ವೇಗವಾಗಿ ಹಾರಿದರೂ ಒಳಗಿನ ರಕ್ತವನ್ನು ಯಂತ್ರ ಮಾಡಲಾರದು. ಅದನ್ನು ಯಾರಾದರೂ ತೋಳು ಚಾಚಿ ಕೊಟ್ಟಿರಬೇಕು. ಮುಂದಿನ ಪಿಕ್ನಿಕ್ಕಿನ ಜೊತೆಗೆ ಒಂದು ರಕ್ತದಾನ ಶಿಬಿರ ಇಟ್ಟುಕೊಂಡರೆ ಹೇಗೆ? "ಬಂತಾ ಡಾಕ್ಟ್ರೇ?" ಎಂದು ಯಾವುದೋ ಬಾಗಿಲಲ್ಲಿ ಯಾರೋ ಕೇಳಿದಾಗ, ಬಂತು ತಾಯಿ ಎನ್ನಲು ಅಷ್ಟಾದರೂ ಬೇಕು.