ಮುದ್ರೆಯೂ ಮಮತೆಯೂ

ವಸ್ತುವನ್ನು ಕೊಂಡವನಿಗೆ ಅದರ ಮೇಲಣ ಮುದ್ರೆಯೂ ಸೇರುವುದೇ? ಹಿತ್ತಾಳೆಯ ಕೊಡವನ್ನು ಕೊಂಡರೆ ಅದರ ಕಂಠದಲ್ಲಿ ಕೊರೆದ ಕಂಚುಗಾರನ ಗುರುತೂ ಮನೆಗೆ ಬರುತ್ತದೆ; ಆದರೆ ಆ ಗುರುತನ್ನು ಬೇರೆ ಕೊಡಗಳ ಮೇಲೆ ಕೊರೆದು ಮಾರುವ ಹಕ್ಕು ಅದರೊಡನೆ ಬರುವುದಿಲ್ಲ.

ಅಮೆರಿಕದಲ್ಲಿ ನೆಲಸಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಈಚೆಗೆ ಈ ಪ್ರಶ್ನೆಯನ್ನು ನಮಗೆ ಬರೆದು ಕೇಳಿದನು. ಒಂದೇ ಬಗೆಯ ಮೋಟಾರು ಗಾಡಿಯುಳ್ಳವರು ಅಲ್ಲಿ ಸಂಘ ಕಟ್ಟಿಕೊಳ್ಳುವುದುಂಟು. ರಜಾದಿನಗಳಲ್ಲಿ ಕಲೆತು, ತಂತಮ್ಮ ಗಾಡಿಗಳನ್ನು ಒರಸಿ ಹೊಳೆಯಿಸಿ, ಒಬ್ಬರಿಗೊಬ್ಬರು ತೋರಿಸಿ ಸಂತೋಷಪಡುತ್ತಾರೆ. “ಗುರುಗಳೇ, ಬೆವರು ಸುರಿಸಿ ಗಳಿಸಿದ ಹಣದಿಂದ ಕೊಂಡ ಗಾಡಿ. ಅದರ ಲಾಂಛನವನ್ನು ಅಂಗಿಗಳ ಮೇಲೆ ಅಚ್ಚು ಹಾಕಿಸಿ ಸಂಘದ ವೆಚ್ಚಕ್ಕಾಗಿ ಮಾರಿದರೆ, ಕಂಪನಿಗೆ ಪ್ರಚಾರವೇ ಹೊರತು ನಷ್ಟವೇನು?” ಎಂಬುದು ಆತನ ವಾದ.

ಇದು ಹೊಸ ವ್ಯಾಜ್ಯವಲ್ಲ. 2008ರ ಆರಂಭದಲ್ಲಿ ಅಲ್ಲಿಯ ‘ಬ್ಲ್ಯಾಕ್ ಮಸ್ಟಾಂಗ್ ಕ್ಲಬ್’ ಎಂಬ ಸಂಘದವರು ತಮ್ಮ ಫೋರ್ಡ್ ಗಾಡಿಗಳ ಛಾಯಾಚಿತ್ರಗಳಿಂದ ಕ್ಯಾಲೆಂಡರೊಂದನ್ನು ಮಾಡಿಸಹೊರಟರು. ಫೋರ್ಡ್ ಕಂಪನಿಯ ಆಕ್ಷೇಪವಿದೆಯೆಂದು ಅಚ್ಚುಹಾಕುವವರು ಹಿಂದೆಗೆದರು. ಸದಸ್ಯರು ಬಹಳ ನೊಂದುಕೊಂಡರು. ಒಡೆಯರು ತಮ್ಮ ಗಾಡಿಯ ಚಿತ್ರವನ್ನು ತೆಗೆಯುವುದಕ್ಕೆ ಅಡ್ಡಿಯಿಲ್ಲವೆಂದೂ, ಮಾರಾಟದ ಸರಕಿನ ಮೇಲೆ ಲಾಂಛನವನ್ನು ಬಳಸುವುದಕ್ಕೆ ಮಾತ್ರ ತಮ್ಮ ವಿರೋಧವೆಂದೂ ಕಂಪನಿಯವರು ಬಳಿಕ ತಿಳಿಸಿದರು.

ಲಾಂಛನವು ಅಲಂಕಾರವಲ್ಲ, ಸಾಕ್ಷಿ. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕವನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈ ಸೇರಿತು. ಅದನ್ನೊತ್ತಿದ ಪತ್ರವನ್ನು ಕಂಡು ಮಲಯಕೇತುವು ರಾಕ್ಷಸನನ್ನೇ ದ್ರೋಹಿಯೆಂದು ಬಗೆದನು. ಬರೆಯಿಸಿದವನೊಬ್ಬ, ಹೊಣೆ ಹೊತ್ತವನೊಬ್ಬ. ಹಾಗೆಯೇ, ಒಂದು ತೊಳೆತಕ್ಕೆ ಬಣ್ಣ ಬಿಡುವ ಅಂಗಿಯ ಮೇಲೆ ಕಂಪನಿಯ ಲಾಂಛನವಿದ್ದರೆ ಕೊಂಡವರು ಬಯ್ಯುವುದು ಕಂಪನಿಯನ್ನೇ.

ಮಾಲೀಕರ ನಿಷ್ಠುರಕ್ಕೆ ಮತ್ತೊಂದು ಕಾರಣವುಂಟು. ಕಾಯದ ಮುದ್ರೆ ಕೈಬಿಟ್ಟುಹೋಗುತ್ತದೆ. ‘ಎಸ್ಕಲೇಟರ್’ ಎಂಬುದು ಓಟಿಸ್ ಕಂಪನಿಯ ಸ್ವಂತ ಹೆಸರಾಗಿದ್ದಿತು. ಚಲಿಸುವ ಮೆಟ್ಟಿಲುಗಳಿಗೆಲ್ಲ ಅದೇ ಹೆಸರು ನಿಂತುಹೋಯಿತೆಂದು 1950ರಲ್ಲಿ ಆ ಹಕ್ಕು ಅಮೆರಿಕದಲ್ಲಿ ರದ್ದಾಯಿತು. ಶಾಲೆಯ ವ್ಯಾಕರಣದಲ್ಲಿ ಹೇಳುವುದಾದರೆ, ಅಂಕಿತನಾಮವು ರೂಢನಾಮವಾಯಿತು.

ಆದರೆ ಹೆಸರನ್ನೇ ಉಚ್ಚರಿಸಕೂಡದೆನ್ನುವುದು ನ್ಯಾಯವಲ್ಲ. ಕ್ಯಾಲಿಫೋರ್ನಿಯದ ರಿಪೇರಿಗಾರನೊಬ್ಬನ ಮೊಕದ್ದಮೆಯಲ್ಲಿ 1969ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು, ಫೋಕ್ಸ್‌ವ್ಯಾಗನ್ ಗಾಡಿಗಳನ್ನು ದುರಸ್ತಿ ಮಾಡುವೆನೆಂದು ಆತನು ಸಾರಬಹುದು, ತಾನು ಕಂಪನಿಗೆ ಸೇರಿದವನೆಂಬ ಭ್ರಮೆಯನ್ನು ಮಾತ್ರ ಹುಟ್ಟಿಸಕೂಡದು ಎಂದಿತು. ನಮ್ಮ ದೇಶದ 1999ರ ಟ್ರೇಡ್ ಮಾರ್ಕ್ ಕಾಯಿದೆಯ 30ನೆಯ ಕಲಮು ಸಹ, ಒಬ್ಬನ ಸರಕನ್ನು ಅವನದೆಂದು ಪ್ರಾಮಾಣಿಕವಾಗಿ ಗುರುತಿಸುವುದಕ್ಕೆ ಅವನ ಚಿಹ್ನೆಯನ್ನು ಬಳಸಲು ಅವಕಾಶವಿತ್ತಿದೆ. ಆ ಚಿಹ್ನೆಯ ಕೀರ್ತಿಯಿಂದ ಅನುಚಿತ ಲಾಭ ಪಡೆಯಬಾರದು, ಅದಕ್ಕೆ ಕುಂದು ತರಬಾರದು, ಅಷ್ಟೆ.

ಆದುದರಿಂದ ನಾವು ಶಿಷ್ಯನಿಗೆ ಹೀಗೆ ಬರೆದೆವು: “ಇಂಥ ಗಾಡಿಯ ಒಡೆಯರ ಸಂಘವೆಂದು ಧಾರಾಳವಾಗಿ ಹೇಳಿಕೊಳ್ಳಿರಿ. ಕಂಪನಿಗೂ ನಿಮಗೂ ಸಂಬಂಧವಿಲ್ಲವೆಂಬುದನ್ನೂ ಕಾಣುವಂತೆ ಬರೆಯಿರಿ. ಅಂಗಿಗೆ ನಿಮ್ಮದೇ ಚಿಹ್ನೆಯೊಂದನ್ನು ರಚಿಸಿಕೊಳ್ಳಿರಿ. ಕಂಪನಿಯ ಲಾಂಛನವೇ ಬೇಕೆಂದರೆ ಲಿಖಿತ ಅನುಮತಿಯನ್ನು ಬೇಡಿರಿ.”

ಕಂಪನಿಗಳ ಯಜಮಾನರಿಗೂ ಒಂದು ಮಾತು. ಕಳ್ಳಸರಕು ಮಾರುವವನೂ, ಗಾಡಿಯನ್ನು ಮಗುವಿನಂತೆ ಜೋಪಾನಮಾಡುವವನೂ ಒಂದೇ ಅಲ್ಲ. ಎರಡನೆಯವನಿಗೆ ವಕೀಲರ ನೋಟೀಸಿಗೆ ಮುಂಚೆ ಮೃದುವಾದ ಒಂದು ಕಾಗದ ಹೋಗಲಿ. ಮುದ್ರೆಗೆ ಮರ್ಯಾದೆ ತಂದವರಲ್ಲಿ ಅವನೂ ಒಬ್ಬನು.