ಏಳು ಎರಡಾಣೆ

ನಮ್ಮತ್ತೆ ತೀರಿಕೊಂಡ ಮೇಲೆ ಅವರ ಟ್ರಂಕಿನ ತಳದಲ್ಲಿ, ಹಳೇ ರವಿಕೆಯ ಚೂರಿನಲ್ಲಿ ಗಂಟು ಕಟ್ಟಿದ ಏಳು ಬೆಳ್ಳಿ ಎರಡಾಣೆಗಳು ಸಿಕ್ಕವು. ನನಗೇನೂ ಆಶ್ಚರ್ಯವಾಗಲಿಲ್ಲ. ಒಂದು ಗೌರಿಹಬ್ಬದ ಮುನ್ನಾದಿನ ವಿಭೂತಿ ಹಚ್ಚಿ ದೀಪ ತಿಕ್ಕುತ್ತಾ ಅವರೇ ತೋರಿಸಿದ್ದರು.

"ಎಂಟಿತ್ತು ಕಣೇ. ಗಂಡನ ಮನೆಗೆ ಹೊರಟಾಗ ನಮ್ಮಮ್ಮ ಸೊಂಟಕ್ಕೆ ಸಿಕ್ಕಿಸಿದ್ದು. ಇಡೀ ರೂಪಾಯಿ ಕೊಟ್ಟರೆ ಕಣ್ಣಿಗೆ ಬೀಳುತ್ತೆ, ಇಸ್ಕೊಂಡುಬಿಡ್ತಾರೆ ಅಂತ ಚಿಲ್ಲರೆ ಮಾಡಿ ಕೊಟ್ಟಳು."

ರೂಪಾಯಿಗೆ 16 ಆಣೆಯಲ್ಲವೇ, ಎಂಟು ಎರಡಾಣೆಗೆ ಒಂದು ರೂಪಾಯಿ.

"ಇನ್ನೊಂದು ಏನಾಯ್ತಮ್ಮಾ?"

"ಒಂದ್ಸಲ ಯಾರಿಗೂ ಹೇಳದೆ ತೌರಿಗೆ ಹೋದೆ. ಬಸ್ಸಿಗೆ ಕೊಟ್ಟೆ."

"ವಾಪಸ್ ಬರೋಕೆ?"

"ಅಪ್ಪ ಕೊಟ್ಟರು. ಕೊಟ್ಟು ಕಳಿಸಿದರು."

ದೀಪ ತಿಕ್ಕುವುದು ಮುಂದುವರಿಯಿತು. ಯಾಕೆ ಹೋಗಿದ್ದಿರಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಹೆಬ್ಬೆರಳಿನ ಉಗುರಿನಷ್ಟಗಲದ ನಾಣ್ಯ, ತೂಕ ಒಂದೂವರೆ ಗ್ರಾಮಿಗೂ ಚೂರು ಕಡಿಮೆ. ಒಂದರಲ್ಲಿ ವಿಕ್ಟೋರಿಯಾ ರಾಣಿಯ ಮೂಗು ಸವೆದೇ ಹೋಗಿದೆ. ಬೆಳ್ಳಿಯಲ್ಲಿ ಎರಡಾಣೆ ಅಚ್ಚಾದದ್ದು 1917ರವರೆಗೆ ಮಾತ್ರ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದು 1918ರಿಂದ ತಾಮ್ರ-ನಿಕ್ಕಲ್ ಬೆರಕೆಯ ಚೌಕ ಎರಡಾಣೆ ಬಂತು. ಅಮೆರಿಕದಲ್ಲೂ ಹೀಗೆಯೇ: ಅಲ್ಲಿನ ಐದು ಸೆಂಟಿನ 'ಹಾಫ್ ಡೈಮ್' ಇನ್ನೂ ಚಿಕ್ಕ ಬೆಳ್ಳಿ ನಾಣ್ಯ. ಅಂತರ್ಯುದ್ಧದ ಕಾಲದಲ್ಲಿ ಜನ ಬೆಳ್ಳಿಯನ್ನೆಲ್ಲ ಬಚ್ಚಿಟ್ಟರು. 1866ರಲ್ಲಿ ನಿಕ್ಕಲ್ಲಿನ ಐದು ಸೆಂಟು ಬಂತು. 1873ಕ್ಕೆ ಹಾಫ್ ಡೈಮ್ ನಿಂತೇ ಹೋಯಿತು. ಅಲ್ಲಿಯ ಹೆಂಗಸರೂ ಎಲ್ಲೆಲ್ಲಿ ಗಂಟು ಕಟ್ಟಿಟ್ಟಿದ್ದರೋ! ನಮ್ಮಲ್ಲಿ 1957ರಲ್ಲಿ ನಯಾಪೈಸೆ ಬಂದು ಆಣೆಯ ಲೆಕ್ಕವೇ ಮುಗಿಯಿತು. ಅತ್ತೆಯ ಗಂಟು ಮಾತ್ರ ಬಿಚ್ಚಲಿಲ್ಲ.

ಮೊಮ್ಮಗಳ ನಾಮಕರಣಕ್ಕೆ ಬೆಳ್ಳಿ ಬಟ್ಟಲು ಮಾಡಿಸೋಣ, ಇವನ್ನೂ ಕರಗಿಸಿ ಸೇರಿಸೋಣ ಎಂದು ರಾಜಾಜಿನಗರದ ಒಂದು ಅಂಗಡಿಗೆ ಒಯ್ದೆ. ಅಂಗಡಿಯವರು ತಕ್ಕಡಿಗೆ ಹಾಕಿದರು. "ಹತ್ತು ಗ್ರಾಮೂ ಇಲ್ಲಮ್ಮಾ, ಸವೆದಿದೆ." ಅವರು ಹೇಳಿದ್ದು ಸರಿಯೇ. ಆದರೂ ಏಳನ್ನೂ ವಾಪಸ್ಸು ಇಸಿದುಕೊಂಡು ಬಂದೆ. "ಹದಿನಾಲ್ಕಾಣೆಗೆ ಇಷ್ಟು ಯೋಚನೆಯೇ?" ಎಂದು ನಮ್ಮೆಜಮಾನರು ನಕ್ಕರು. ಅವರ ತಾಯಿಯದೇ ಗಂಟು. ಅದರಲ್ಲಿ ಒಂದು ಕಡಿಮೆಯಿದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ನಾನೂ ಹೇಳಲಿಲ್ಲ.

ಬಾಣಂತನ ಮುಗಿದು ಮಗಳು ಬಸವೇಶ್ವರನಗರದ ತನ್ನ ಮನೆಗೆ ಹೊರಟ ದಿನ, ಅಳಿಯಂದಿರು ಆಟೋ ತರಲು ಹೋಗಿದ್ದಾಗ ಗಂಟನ್ನು ಅವಳ ಕೈಚೀಲಕ್ಕೆ ಹಾಕಿದೆ. ಅವಳು ಸಂಬಳ ತರುವವಳು, ಬ್ಯಾಂಕಿನಲ್ಲಿ ತನ್ನದೇ ಖಾತೆ ಇರುವವಳು. ಬಿಚ್ಚಿ ಎಣಿಸಿದಳು.

"ಏಳೇ ಯಾಕಮ್ಮಾ?"

ಹೇಳತೊಡಗಿದೆ. ಆಟೋ ಬಂದು ನಿಂತಿತು. ಅವಳು ಮಗುವನ್ನು ಎತ್ತಿಕೊಂಡು, "ನೀನು ಹೇಳು, ಆಟೋ ಕಾಯಲಿ" ಎಂದು ಮತ್ತೆ ಕೂತಳು.