ಅಚೌರ್ಯಾಣುವ್ರತವೂ ಊರಿನ ಕಾಮಗಾರಿಯೂ

ಶ್ರಾವಕನಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಕೊಡದೆ ಇದ್ದುದನ್ನು ತೆಗೆದುಕೊಳ್ಳದಿರುವುದು ಅದರ ಸಾರ. ನೆರೆಯವನ ಹೊಲದ ಬದುವನ್ನು ಒತ್ತಬಾರದು, ತಕ್ಕಡಿಯಲ್ಲಿ ಮೋಸ ಸಲ್ಲದು, ಒತ್ತೆಯಿಟ್ಟ ಒಡವೆಯನ್ನು ಬದಲಿಸಬಾರದು ಎಂದು ಹಿರಿಯರು ನಮಗೆ ಹೇಳಿಕೊಟ್ಟಿದ್ದಾರೆ. ಇಂತಹ ಪ್ರಸಂಗಗಳಲ್ಲಿ ಕಳೆದುಕೊಂಡವನೊಬ್ಬ ಎದುರಿಗೆ ಇರುತ್ತಾನೆ. ಅವನ ಮುಖ ನೋಡಿಯಾದರೂ ಮನಸ್ಸು ಅಳುಕುತ್ತದೆ. ಆದರೆ ವಸ್ತುವು ಊರಿಗೆಲ್ಲ ಸೇರಿದ ಗಟಾರವೋ ರಸ್ತೆಯೋ ಶಾಲೆಯ ಕೊಠಡಿಯೋ ಆದಾಗ, ಕಳುವಾಯಿತೆಂದು ಅಳುವ ಒಡೆಯನೇ ಇಲ್ಲ. ವ್ರತದ ನಿಜವಾದ ಪರೀಕ್ಷೆ ಅಲ್ಲಿ ನಡೆಯುತ್ತದೆಂದು ನನಗೆ ತೋರುತ್ತದೆ.

ಬಮ್ಮಿಗಟ್ಟಿಯವರಾದ ನಮಗೆ ತಾಲೂಕು ಕೇಂದ್ರ ಕಲಘಟಗಿ. ಅಲ್ಲಿ ಪಟ್ಟಣ ಪಂಚಾಯತಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿ. ಎಲ್ಲಿಯಾದರೂ ಒಂದು ಗಟಾರ ಆಗಬೇಕಾದರೆ ಮೊದಲು ಸಭೆಯ ಠರಾವು, ಬಳಿಕ ಎಂಜಿನಿಯರರ ಅಂದಾಜು ಪತ್ರಿಕೆ, ಮಂಜೂರಾತಿ, ಟೆಂಡರು, ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕದಲ್ಲಿ ದಾಖಲೆ, ಕೊನೆಗೆ ಬಿಲ್ಲು. ಈ ಕ್ರಮಕ್ಕೆ ಕಾಯಿದೆಯ ಬಲವಿದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು 1999ರಲ್ಲಿ ರೂಪುಗೊಂಡು 2000ದಲ್ಲಿ ಜಾರಿಗೆ ಬಂದಿತು. ಸ್ಥಳೀಯ ಸಂಸ್ಥೆಗಳೂ ಅದಕ್ಕೆ ಒಳಪಟ್ಟಿವೆ. ಅದರಡಿ 2000ದಲ್ಲಿ ರಚಿತವಾದ ನಿಯಮಗಳು, 2 ಕೋಟಿ ರೂಪಾಯಿವರೆಗಿನ ಟೆಂಡರು ಸಲ್ಲಿಸಲು ಕನಿಷ್ಠ 30 ದಿನ, ಅದಕ್ಕೂ ದೊಡ್ಡದಕ್ಕೆ 60 ದಿನ ಎಂದು ವಿಧಿಸಿದ್ದವು. ಅವಧಿಯನ್ನು ಕಡಿಮೆ ಮಾಡುವುದಾದರೆ ಮೇಲಿನ ಅಧಿಕಾರಿಯು ಕಾರಣವನ್ನು ಬರೆದಿಡಬೇಕೆಂದೂ ಹೇಳಿದ್ದವು. ಮೊದಲೇ ಬಲ್ಲವನಿಗೆ ಮಾತ್ರವಲ್ಲದೆ ಅರಿಯದವನಿಗೂ ಸುದ್ದಿ ತಲುಪಲೆಂಬುದೇ ಈ ದಿನಗಳ ಉದ್ದೇಶ.

ಕಾಯಿದೆ ಹೊಸದು, ಅದು ತಡೆಯಬಯಸುವ ದೋಷಗಳು ಹೊಸವಲ್ಲ. ಉಮಾಸ್ವಾಮಿ ಆಚಾರ್ಯರು ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳನ್ನು ಪಂಚಾಯತಿಯ ಕಡತದ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ.

ಹೀನಾಧಿಕಮಾನೋನ್ಮಾನ ಎಂದರೆ ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದು. ಆರು ಅಂಗುಲದ ಕಾಂಕ್ರೀಟು ನಾಲ್ಕೇ ಅಂಗುಲವಾಗಿ, ಅಳತೆ ಪುಸ್ತಕದಲ್ಲಿ ಆರಾಗಿಯೇ ಉಳಿದರೆ ಅದು ಇದೇ ದೋಷ. ಪ್ರತಿರೂಪಕ ವ್ಯವಹಾರವೆಂದರೆ ಒಳ್ಳೆಯದರ ಹೆಸರಿನಲ್ಲಿ ಕೀಳಾದುದನ್ನು ಬೆರೆಸಿ ಮಾರುವುದು. ಉಸುಕಿನಲ್ಲಿ ಮಣ್ಣು ಸೇರಿದಾಗ, ಅಂದಾಜು ಪತ್ರಿಕೆಯಲ್ಲಿ ಬರೆದುದಕ್ಕಿಂತ ತೆಳುವಾದ ಕಬ್ಬಿಣ ಬಿದ್ದಾಗ ಅದು ಕಾಣುತ್ತದೆ. ವಿರುದ್ಧರಾಜ್ಯಾತಿಕ್ರಮವನ್ನು ರಾಜ್ಯದ ನಿಯಮ ಮೀರಿದ ವ್ಯವಹಾರವೆಂದು ವಿವರಿಸುತ್ತಾರೆ. ಒಂದೇ ರಸ್ತೆಯನ್ನು ನಾಲ್ಕು ತುಂಡು ಮಾಡಿ, ಪ್ರತಿಯೊಂದೂ ಟೆಂಡರಿನ ಮಿತಿಯ ಕೆಳಗೆ ಉಳಿಯುವಂತೆ ತುಂಡು ಗುತ್ತಿಗೆ ಕೊಡುವುದಕ್ಕೆ ಬೇರೆ ಹೆಸರು ಹುಡುಕಬೇಕಿಲ್ಲ. ತದಾಹೃತಾದಾನವೆಂದರೆ ಕದ್ದು ತಂದುದನ್ನು ಸ್ವೀಕರಿಸುವುದು. ಮುನ್ನೂರು ಚೀಲ ಸಿಮೆಂಟು ಕೊಟ್ಟು ಐನೂರು ಚೀಲದ ಪಾವತಿ ಬರೆದುಕೊಟ್ಟು, ಅದಕ್ಕಾಗಿ ತನ್ನ ಪಾಲು ಪಡೆಯುವ ಅಂಗಡಿಕಾರನು ತಾನೇನೂ ಕದ್ದಿಲ್ಲವೆಂದು ಹೇಳಿಕೊಳ್ಳಬಹುದು, ಶಾಸ್ತ್ರವು ಒಪ್ಪುವುದಿಲ್ಲ. ನಮ್ಮ ಸಮಾಜದಲ್ಲಿ ಸಿಮೆಂಟು, ಕಬ್ಬಿಣ, ಕಟ್ಟಿಗೆಯ ವ್ಯಾಪಾರಿಗಳು ಕಡಿಮೆಯಿಲ್ಲವಾದ್ದರಿಂದ ಈ ಮಾತನ್ನು ಬಿಚ್ಚಿ ಹೇಳಬೇಕಾಯಿತು.

ಉಳಿದದ್ದು ಸ್ತೇನಪ್ರಯೋಗ, ತಾನು ಕದಿಯದೆ, ಕದಿಯುವವನಿಗೆ ಪ್ರೇರಣೆಯನ್ನೋ ಅನುಕೂಲವನ್ನೋ ಒದಗಿಸುವುದು. ಇದನ್ನು ಕುರಿತು ನಮ್ಮವನೇ ಆದ ಒಬ್ಬ ತರುಣ ಗುತ್ತಿಗೆದಾರನು ನನ್ನೊಡನೆ ವಾದಿಸಿದ್ದುಂಟು. "ಕಾಕಾ, ನಾ ತಗೊಳ್ಳಾಂವಲ್ಲ, ಕೊಡಾಂವ. ಕೊಡದಿದ್ರ ಬಿಲ್ಲು ಮುಂದ ಹೋಗಂಗಿಲ್ಲ. ಬಿಲ್ಲು ನಿಂತರ ಬಡ್ಡಿ ನಿಂದರಂಗಿಲ್ಲ. ಕೊಡೋದೂ ಕಳವು ಆಗತೈತೇನು?" ಎಂದು ಅವನು ಕೇಳಿದನು. "ನೀ ಕೊಡೋ ರೊಕ್ಕ ಎಲ್ಲಿಂದ ಬರತದ ತಮ್ಮಾ?" ಎಂದು ನಾನು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದನು. ಆ ಹಣ ಅವನ ಕಿಸೆಯಿಂದ ಹೋಗುವುದಿಲ್ಲ; ಕಾಂಕ್ರೀಟಿನ ದಪ್ಪದಿಂದ ಹೋಗುತ್ತದೆ. ಎರಡು ಮಳೆಗಾಲದಲ್ಲಿ ಒಡೆಯುವ ರಸ್ತೆಯೇ ಅದರ ರಸೀದಿ. 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ತಡೆ ಕಾಯಿದೆಯು ಲಂಚ ಕೊಡುವವನನ್ನೂ ಅಪರಾಧಿಯೆಂದು ಎಣಿಸುತ್ತದೆ. ಒತ್ತಾಯಕ್ಕೆ ಸಿಲುಕಿ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ಮಾತ್ರ ಅವನಿಗೆ ರಕ್ಷಣೆ.

ಆದರೂ ಆ ತರುಣನ ಪ್ರಶ್ನೆಯನ್ನು ಕಾಯಿದೆಯ ಒಂದು ಕಲಮಿನಿಂದ ಮುಗಿಸಿಬಿಡುವುದು ದಯೆಯಲ್ಲ. ರಾಜ್ಯದ ಗುತ್ತಿಗೆದಾರರ ಸಂಘವು 2021ರಲ್ಲಿ ಪ್ರಧಾನಮಂತ್ರಿಗಳಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇಕಡಾ 40ರಷ್ಟು ಕಮಿಷನ್ ಕೊಡಬೇಕಾಗಿದೆಯೆಂದು ದೂರಿತು. ಮರುವರ್ಷ ಏಪ್ರಿಲ್ ತಿಂಗಳಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯ ವಸತಿಗೃಹದಲ್ಲಿ ಮೃತರಾಗಿ ಕಂಡುಬಂದರು. ಹಿಂಡಲಗಾ ಗ್ರಾಮದಲ್ಲಿ ಸುಮಾರು 4 ಕೋಟಿ ರೂಪಾಯಿಯ ಕೆಲಸವನ್ನು ಬಾಯಿಮಾತಿನ ಮೇಲೆ ಮಾಡಿ, ಹಣ ದೊರೆಯದೆ ಕಂಗೆಟ್ಟಿದ್ದೇನೆಂದು ಅವರು ಹೇಳಿಕೊಂಡಿದ್ದರು. ಆಗ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಕೆ. ಎಸ್. ಈಶ್ವರಪ್ಪನವರು ತಮ್ಮ ಮೇಲಿನ ಆರೋಪವನ್ನು ನಿರಾಕರಿಸಿ ರಾಜೀನಾಮೆ ನೀಡಿದರು. ಅದೇ ವರ್ಷ ಜುಲೈಯಲ್ಲಿ ಪೊಲೀಸರು ಸಾಕ್ಷ್ಯವಿಲ್ಲವೆಂದು ವರದಿ ಸಲ್ಲಿಸಿದರು. ಯಾರದು ತಪ್ಪೆಂದು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ನಾವು ಗಮನಿಸಬೇಕಾದುದು ಇಷ್ಟೇ: ಕಾರ್ಯಾದೇಶವಿಲ್ಲದೆ ಕೆಲಸ ಆರಂಭವಾದಲ್ಲಿ ಅಳತೆಯಿಲ್ಲ, ಅಳತೆಯಿಲ್ಲದಲ್ಲಿ ಬಿಲ್ಲಿಲ್ಲ, ಬಿಲ್ಲಿಲ್ಲದಲ್ಲಿ ಮನುಷ್ಯನು ಇನ್ನೊಬ್ಬನ ಕೃಪೆಗೆ ಒಳಗಾಗುತ್ತಾನೆ. ಕಾಗದದ ಕ್ರಮವನ್ನು ನಾವು ಬರಿಯ ಕಿರುಕುಳವೆಂದು ಹಳಿಯುತ್ತೇವೆ. ದುರ್ಬಲನಿಗೆ ಅದೊಂದೇ ಆಸರೆ. ಆ ಮಟ್ಟಿಗೆ ಅದು ಅಹಿಂಸೆಯ ಉಪಕರಣವೂ ಹೌದು.

ಇನ್ನು ಬಸದಿಗಳ ಟ್ರಸ್ಟುಗಳ ಮಾತು. ನಮ್ಮ ದಿಗಂಬರ ಸಂಪ್ರದಾಯದಲ್ಲಿ ಪೂಜೆಯಲ್ಲಿ ಅರ್ಪಿಸಿದ ದ್ರವ್ಯ ನಿರ್ಮಾಲ್ಯ. ಶ್ರಾವಕನು ಅದನ್ನು ಮನೆಗೆ ಒಯ್ಯುವುದಿಲ್ಲ. ಒಂದು ಕಾಳು ಅಕ್ಷತೆಗೂ ನಾವು ಅಂಜುತ್ತೇವೆ. ಸಮಸ್ತರು ತೆರಿಗೆಯಾಗಿ ಅರ್ಪಿಸಿದ ಹಣಕ್ಕೂ ಅದೇ ಅಂಜಿಕೆ ಏಕೆ ಇರಬಾರದು? ಅದಕ್ಕಿಂತ ಕಠಿನವಾದ ಪ್ರಶ್ನೆ ಮತ್ತೊಂದಿದೆ. ಪಂಚಕಲ್ಯಾಣದ ಸವಾಲಿನಲ್ಲಿ ದೊಡ್ಡ ಮೊತ್ತ ಕೂಗಿದವನಿಗೆ ಹಾರ ಹಾಕುವಾಗ ಆ ಹಣದ ಮೂಲವನ್ನು ನಾವು ಕೇಳುವುದಿಲ್ಲ. ಹದಿಮೂರನೆಯ ಶತಮಾನದಲ್ಲಿ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೇ ಇರಿಸಿದ್ದಾರೆ. ಊರಿನ ಗಟಾರದಿಂದ ಬಂದ ಹಣವು ಶಿಖರದ ಕಳಶವಾದರೆ, ತದಾಹೃತಾದಾನದ ದೋಷವು ಟ್ರಸ್ಟಿಗೂ ತಟ್ಟುತ್ತದೆ. ಅಂತಹ ದಾನವನ್ನು ನಯವಾಗಿ ನಿರಾಕರಿಸಿದರೆ ಕಟ್ಟಡವು ಎರಡು ವರ್ಷ ತಡವಾದೀತು. ಆ ತಡವನ್ನು ಸಹಿಸಬೇಕು.

ಟ್ರಸ್ಟುಗಳು ತಾವೂ ಕೆಲಸ ಮಾಡಿಸುತ್ತವೆ. ಬಸದಿಯ ಮೇಲ್ಛಾವಣಿ, ಯಾತ್ರಿಕರ ಕೋಣೆ, ಸರ್ಕಾರದ ಅನುದಾನದ ಸಮುದಾಯ ಭವನ, ಇವು ಯಾವುದಕ್ಕೂ ಅಧ್ಯಕ್ಷರ ಅಳಿಯನಿಗೆ ಬಾಯಿಮಾತಿನ ಗುತ್ತಿಗೆ ಸಲ್ಲದು. ಮೂವರಿಂದ ಮೊಹರು ಮಾಡಿದ ದರಪತ್ರ ಪಡೆದು ಸಭೆಯಲ್ಲಿ ಒಡೆಯಲಿ. ಮಾಡಿದ ಕೆಲಸದ ಅಳತೆ ಮತ್ತು ಕೊಟ್ಟ ಹಣವನ್ನು ಬಸದಿಯ ಫಲಕದಲ್ಲಿ ಬರೆಯಲಿ. ಇದು ನಮಗೆ ಪರಕೀಯವಲ್ಲ. 1997ರವರೆಗೆ ನಮ್ಮ ಧಾರವಾಡ ಜಿಲ್ಲೆಗೇ ಸೇರಿದ್ದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದಳು. ಆ ಕಾಲದ ದಾನಶಾಸನಗಳು ಕೊಟ್ಟ ಭೂಮಿಯ ಚತುಸ್ಸೀಮೆಯನ್ನೂ, ಎಷ್ಟೋ ಕಡೆ ಅಳೆದ ಗಳೆ ಯಾವುದೆಂಬುದನ್ನೂ ಕಲ್ಲಿನಲ್ಲಿ ಕೊರೆಸಿ, ಎಲ್ಲರೂ ಓದುವಂತೆ ನಿಲ್ಲಿಸಿದವು. ಲೆಕ್ಕವನ್ನು ಬೆಳಕಿನಲ್ಲಿಡುವುದು ಈ ನಾಡಿನ ಹಳೆಯ ನಡೆ.

ಗ್ರಾಮ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ, ಜಮಾಬಂದಿ ನಡೆಯುತ್ತದೆ. ಕಳೆದ ವರ್ಷದ ಲೆಕ್ಕವನ್ನೂ ಕಾಮಗಾರಿಗಳನ್ನೂ ಜನರ ಮುಂದೆ ಪರಿಶೀಲಿಸುವ ದಿನವದು. ಕುರ್ಚಿಗಳು ಬಹುತೇಕ ಖಾಲಿ ಇರುತ್ತವೆ. ನಮ್ಮ ದಶಲಕ್ಷಣ ಪರ್ವವೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬರುತ್ತದೆ. ಉತ್ತಮ ಶೌಚ, ಉತ್ತಮ ಸತ್ಯಗಳ ಮೇಲೆ ಪ್ರವಚನ ಕೇಳಿ ಬಂದವರಲ್ಲಿ ಮನೆಗೊಬ್ಬರಾದರೂ ಆ ಸಭೆಗೆ ಹೋಗಿ, ತಮ್ಮ ಓಣಿಯ ರಸ್ತೆಯ ಅಳತೆ ಪುಸ್ತಕವನ್ನು ತೋರಿಸಿರೆಂದು ವಿನಯದಿಂದ ಕೇಳಲಿ. ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿಯ ಅರ್ಜಿ ಕೊಡಲಿ. ಹೀಗೆ ಕೇಳುವವರು ಊರಿಗೆ ಹತ್ತು ಮಂದಿ ಇದ್ದರೆ, ನನ್ನೊಡನೆ ವಾದಿಸಿದ ತರುಣನಂತಹವರು ಒಂಟಿಯಾಗಿ ಎದುರಿಸಬೇಕಾದ ಒತ್ತಾಯ ಅಷ್ಟರಮಟ್ಟಿಗೆ ತಗ್ಗೀತು.